ಬಳೆಯೊಳಗಿನ ಗೀರು

ಹೋದ ತಿಂಗಳು ಎಚ್.ಡಿ. ಕೋಟೆ ಕಡೆಯ ನಮ್ಮೂರಿಗೆ ಹೋದಾಗ ಅಟ್ಟದಲ್ಲಿ ಉಕ್ಕಿನ ದಪ್ಪ ಬಳೆಯೊಂದು ಸಿಕ್ತು. ಒಳಗೊಂದು ಉದ್ದ ಗೀರು. ಆ ಗೀರು ನನ್ನದೇ.

ತಾತನ ಹತ್ತಿರ ಬೆಳೆ ಕಾಯೋಕೆ ಲೈಸೆನ್ಸ್ ಇದ್ದ 12 ಬೋರ್ ಕೋವಿ ಇತ್ತು. ರಾಗಿ ಹೊಲಕ್ಕೆ ಹಂದಿ ನುಗ್ಗಿದರೆ ಗಾಳಿಗೆ ಒಂದು ಈಡು. ಹಾರಿಸಿದ ಹಿತ್ತಾಳೆ ತೋಟಾನ ಎಸೀತಿರಲಿಲ್ಲ, ಮತ್ತೆ ತುಂಬುತ್ತಿದ್ದರು. ಆದರೆ ಈಡಿನ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿರುತ್ತೆ. ಹಾಗೇ ಬಿಟ್ಟರೆ ಮತ್ತೆ ಕೋವಿಯೊಳಗೆ ಸರಿಯಾಗಿ ಕೂರಲ್ಲ. ಅದನ್ನ ಹಳೇ ಅಳತೆಗೆ ತರೋಕೇ ಈ ಬಳೆ, ಅಂದರೆ ಡೈ.

ಆಗ ನಂಗೆ 10 ವರ್ಷ. ತಾತ ಊಟಕ್ಕೆ ಎದ್ದಾಗ ಸಹಾಯ ಮಾಡೋಣ ಅಂತ ಒಂದು ಖಾಲಿ ತೋಟಾನ ಒರೆಸದೆ, ಎಣ್ಣೆ ಸವರದೆ ಬಳೆಯೊಳಗೆ ತಳ್ಳಿದೆ. ಅರ್ಧಕ್ಕೆ ಸಿಕ್ಕಿಕೊಳ್ತು. ಸುತ್ತಿಗೆ ತಗೊಂಡೆ. ಇನ್ನೂ ಬಿಗಿಯಾಯ್ತು.

ತಾತ ಬೈಲಿಲ್ಲ. “ಬಿಗಿ ಅನ್ಸಿದ್ರೆ ನಿಲ್ಲಿಸ್ಬೇಕು ಮಗ. ಮೊದ್ಲು ಮರಳು ಅಂಟಿದ್ಯಾ ನೋಡು. ಆಮೇಲೆ ಎಣ್ಣೆ, ಅದೂ ತೆಳ್ಳಗೆ. ಕೊನೇಗೆ ಒರೆಸ್ದೆ ಬಿಟ್ರೆ ಮದ್ದು ಕೆಡುತ್ತೆ” ಅಂದರು. ಮರದ ಗೂಟ ಇಟ್ಟು ಹಿಂದಿನಿಂದ ಮೆಲ್ಲಗೆ ತಟ್ಟಿ ತೆಗೆದರು. ತೋಟಾ ಸೊಟ್ಟಗಾಗಿತ್ತು. ಮರಳಿನ ಕಣ ಬಳೆಗೂ ಗೀರು ಹಾಕಿತ್ತು. ಆಮೇಲೆ ಅದರಿಂದ ಹೊರಬಂದ ಪ್ರತಿ ತೋಟಾದ ಮೇಲೂ ಅದೇ ಗೆರೆ.

ತಾತ ಹೋದ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಬಳೆ ಈಗ ಬೆಂಗಳೂರಲ್ಲಿ, ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲಿದೆ. ಕೆಲಸ ಎಲ್ಲಾದರೂ ಸಿಕ್ಕಿಕೊಂಡಾಗ ಅದನ್ನ ಒಮ್ಮೆ ಮುಟ್ಟಿ ನೋಡ್ತೀನಿ.

ಹೊರಡುವಾಗ ಅಜ್ಜಿಗೆ ತೋರಿಸಿದ್ದೆ. ಗೀರಿನ ಮೇಲೆ ಬೆರಳಾಡಿಸಿ ಅಂದಳು: “ಒಂದ್ಸಲ ತಾತನ ಕೈ ಜಾರಿತ್ತಂತೆ, ಅದಕ್ಕೇ ಹಿಂಗಾಗಿರೋದು.”