ಮಕ್ಕಳೊಡನೆ ಹಲಸಿಗೆ

ಪುಟ್ಟ ಮಕ್ಕಳಿಗೆ ವಿಹಾರವೆಂದರೆ ಜಾತ್ರೆಯ ತೊಟ್ಟಿಲೊಂದೇ ಎಂದು ತಿಳಿದಿರುವ ತಾಯಂದಿರು ಒಮ್ಮೆ ಹಲಸಿಯನ್ನು ನೋಡತಕ್ಕದ್ದು. ಖಾನಾಪುರದಿಂದ ಸುಮಾರು 14 ಕಿಲೋಮೀಟರು ದೂರದ ಈ ಹಳ್ಳಿಯು ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿದ್ದಿತು. ಭೂವರಾಹ ನರಸಿಂಹ ದೇವಾಲಯದಲ್ಲಿ ಗರ್ಭಗುಡಿಗಳೆರಡು ಎದುರುಬದುರಾಗಿರುವುದೇ ಎಳೆಯರಿಗೆ ಸೋಜಿಗ; ಇತ್ತಿಂದತ್ತ ಓಡಾಡುವರು. ವರಾಹಮೂರ್ತಿಯ ಮುಂದೆ ಮಾತ್ರ ಆ ಓಟವು ನಿಲ್ಲುವುದು. ಭೂದೇವಿಯನ್ನು ಎತ್ತಿ ತಂದ ಕಥೆಗೆ ಮನೆಯಲ್ಲಿ ಕಿವಿಗೊಡದ ಮಗುವೂ ಇಲ್ಲಿ ತಾನಾಗಿಯೇ ‘ಆಮೇಲೆ?’ ಎನ್ನುವುದು.

ತುಸು ದೊಡ್ಡವರಿಗೆ ಇನ್ನೊಂದು ಸಂಗತಿಯುಂಟು. 5ನೆಯ ಶತಮಾನದ ಮೃಗೇಶವರ್ಮನು ಗತಿಸಿದ ತಂದೆಯ ಮೇಲಣ ಭಕ್ತಿಯಿಂದ ಇದೇ ಊರಿನಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು ಇಲ್ಲಿ ದೊರೆತ ತಾಮ್ರಶಾಸನವು ಸಾರುತ್ತದೆ. ಅರಸನೂ ಒಬ್ಬ ಮಗನೆಂಬುದು ಮಕ್ಕಳಿಗೆ ಬೇಗ ತಿಳಿಯುವುದು. ಇಸವಿಗಳನ್ನು ಬಾಯಿಪಾಠ ಮಾಡಿಸುವ ಗೋಜು ಬೇಡ.

ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಲೇಸು. ಮಳೆಗಾಲದಲ್ಲಿ ಕಲ್ಲುಹಾಸು ಜಾರುವುದರಿಂದ ಕೂಸುಗಳ ಕೈ ಬಿಡಲಾಗದು.