ಬ್ರೇಕ್ ಚೀರಿದ್ರ ಎಲ್ಲಾ ಧೂಳಿನ ಮ್ಯಾಲ ಹಾಕಬ್ಯಾಡ್ರಿ (ಭಾಗ 4)

ದೋಸ್ತರೇ, ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಯಾವ ಕಡೆ ಹೋದ್ರೂ ಬ್ರೇಕ್ ಸದ್ದಿಗೆ ಒಂದೇ ಉತ್ತರ: "ಧೂಳದ, ಬಿಡು." ಸುಳ್ಳಲ್ಲ. ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿ, ಫರ್ಸಿ ತುಂಬಿದ ಲಾರಿ, ಇವುಗಳ ನಡುವೆ ಓಡಾಡೋ ಕಾರಿನ ಡಿಸ್ಕ್‌ಗೆ ಧೂಳು ಹತ್ತಿ ಕಿರ್ ಅನ್ನೋದು ಸಹಜ. ಆದ್ರ ಪ್ಯಾಡ್ ಸವೆದು ಮುಗಿಯೋವಾಗಲೂ ಹೆಚ್ಚುಕಡಿಮೆ ಅಂಥದ್ದೇ ಸದ್ದು ಬರ್ತದ.

ನಮ್ಮ ಕಾಕಾನ ಕಾರು ವಾರಗಟ್ಟಲೆ ಕೀ ಅಂತಿತ್ತು. ಗ್ಯಾರೇಜಿನವರು ನೀರು ಹೊಡೆದು ಕಳಿಸಿದ್ರು. ಒಂದಿನ ಸದ್ದೇ ಬದಲಾತು, ಫರ್ಸಿ ಕೊಯ್ಯೋ ಮಷಿನ್ ಹಂಗ ಗರ್ರ್ ಅಂತ. ಚಕ್ರ ಬಿಚ್ಚಿ ನೋಡಿದ್ರ ಹೊರಗಿನ ಪ್ಯಾಡ್ ಇನ್ನೂ ಅರ್ಧ ಇತ್ತು, ಒಳಗಿಂದು ಬರೀ ಕಬ್ಬಿಣ! ಡಿಸ್ಕ್ ತುಂಬಾ ಗೀರು, ಅದನ್ನೂ ಬದಲಿಸಬೇಕಾತು. ಅದೇ ಕಾರಿನಾಗ ಅಜ್ಜಿನ್ನ ಕೂಡಿಸ್ಕೊಂಡು ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಇಳಿಜಾರಿಗೆ ಹೋಗೋದಿತ್ತು, ಮರುವಾರನೇ.

ಒಳಗಿಂದೇ ಯಾಕ ಸವೀತು? ಕ್ಯಾಲಿಪರ್ ಜಾರೋ ಪಿನ್ನು ಧೂಳಿಗೆ, ಒಣಗಿದ ಗ್ರೀಸಿಗೆ ಹಿಡ್ಕೊಂಡ್ರ ಒಳಗಿನ ಪ್ಯಾಡ್ ಮ್ಯಾಲೇ ಎಲ್ಲಾ ಭಾರ. ಅಲಾಯ್ ಚಕ್ರದ ಸಂದಿಯಿಂದ ಇಣುಕಿದ್ರ ಹೊರಗಿಂದಷ್ಟೇ ಕಾಣ್ತದ. ಅದಕ್ಕ "ಚಕ್ರ ಬಿಚ್ಚಿ ಎರಡೂ ತೋರಿಸ್ರಿ" ಅಂತ ಕೇಳೋಕ ನಾಚಬ್ಯಾಡ್ರಿ. ಹೊಸ ಪ್ಯಾಡ್ ಸುಮಾರು 10 ಮಿಮೀ ದಪ್ಪ ಇರ್ತದ. 3 ಮಿಮೀಗೆ ಬಂತಂದ್ರ ಬದಲಿಸೋ ಹೊತ್ತು.

ಸದ್ದು ಎಂಥದು ಅನ್ನೋಕಿಂತ ಯಾವಾಗ ಬರ್ತದ ಅಂತ ಮೊದಲು ನೋಡ್ರಿ. ಮಳೆ ಬಂದ ಮರುದಿನ ಬೆಳಿಗ್ಗೆ ನಾಲ್ಕು ಬ್ರೇಕ್‌ಗೆ ಹೋಗೋ ಕರಕರ ಡಿಸ್ಕ್ ಮೇಲಿನ ತುಕ್ಕು, ಚಿಂತಿಲ್ಲ. ತೊಳೆದ ಮ್ಯಾಲೂ ದಿನಾ ಕೀ ಅಂದ್ರ, ಭಾಳ ಪ್ಯಾಡ್‌ಗಳಲ್ಲಿ ಎಚ್ಚರಿಸೋಕಂತಲೇ ಒಂದು ಸಣ್ಣ ತಗಡಿನ ನಾಲಿಗೆ ಇರ್ತದ, ಅದು ಡಿಸ್ಕ್‌ಗೆ ತಾಗಿರಬಹುದು. ಬ್ರೇಕ್ ಒತ್ತದೇನೂ ಚಕ್ರದ ಜೊತೆ ಒಂದೇ ಸಮ ಕೆರೆಯೋದು ಡಿಸ್ಕ್ ಹಿಂದಿನ ತಗಡಿನಾಗ ಸಿಕ್ಕ ಕಲ್ಲು ಇರಬಹುದು (ನಮ್ಮ ರಸ್ತೆಗೆ ಕಲ್ಲಿನ ಬರ ಇಲ್ಲ). ಸ್ವಲ್ಪ ಹಿಂದಕ್ಕ ಓಡಿಸಿದ್ರ ಒಮ್ಮೊಮ್ಮೆ ತಾನೇ ಬೀಳ್ತದ. ಜಲ್ಲಿ ಮ್ಯಾಲ ಜೋರಾಗಿ ಒತ್ತಿದಾಗ ಪೆಡಲ್ ಟಕಟಕ ನಡುಗಿದ್ರ ಅದು ಎಬಿಎಸ್ ಕೆಲಸ ಮಾಡೋ ಸದ್ದು. ಹೆದರಿ ಕಾಲು ತೆಗೀಬ್ಯಾಡ್ರಿ.

ಯಾವ ಚಕ್ರ ಅಂತ ತಿಳೀಲಿಲ್ಲಂದ್ರ ಕಾಜು ಇಳಿಸಿ, ಉದ್ದನೆ ಕಂಪೌಂಡ್ ಗೋಡೆ ಪಕ್ಕ ಮೆಲ್ಲಕ ಹೋಗ್ರಿ. ಆ ಬದಿ ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ ಬರ್ತದ. ಫೋನಿನಾಗ ರೆಕಾರ್ಡ್ ಮಾಡ್ಕೊಂಡ್ರ ಇನ್ನೂ ಚಲೋ, ಗ್ಯಾರೇಜ್ ಮುಂದ ಸದ್ದು ಯಾವಾಗಲೂ ಮಾಯ ಆಗ್ತದ ನೋಡ್ರಿ.

ಸದ್ದು ನಿಲ್ಲಲಿ ಅಂತ ಡಿಸ್ಕ್‌ಗೆ ಎಣ್ಣಿ ಹಚ್ಚೋರೂ ಅದಾರ. ಸದ್ದೇನೋ ನಿಲ್ತದ, ಕಾರು ನಿಲ್ಲಂಗಿಲ್ಲ. ಗರ್ರ್ ಶುರು ಆದ್ರ, ಇಲ್ಲಾ ಪೆಡಲ್ ನೆಲದ ತನಕ ಇಳಿದ್ರ, ಓಡಿಸ್ಕೊಂಡು ಗ್ಯಾರೇಜಿಗೆ ಹೋಗೋದೂ ಬ್ಯಾಡ. ಮೆಕ್ಯಾನಿಕ್‌ನ್ನೇ ಕರೆಸ್ರಿ.