ವೆಲ್ಲೆಸ್ಲಿಯ ದಂಡು, ನಮ್ಮ ಎತ್ತುಗಳು

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಟಿಪ್ಪು ಮಡಿದ, ಯುದ್ಧ ಮುಗಿಯಿತು ಎಂದು ಶಾಲೆಯ ಪಾಠ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಸೀಮೆಯ ಕಥೆ ಶುರುವಾಗುವುದೇ ಆಮೇಲೆ. ಮಾಗಿಯಲ್ಲಿ ರಾಗಿಕಣ ಕಾಯುವಾಗ ಬೆಂಕಿ ಹಾಕಿಕೊಂಡು ಕೂತರೆ ನಮ್ಮಜ್ಜ ಧೋಂಡಿಯನ ಕಥೆ ತೆಗೆಯೋರು. ಅವರು ಹೇಳಿದ್ದಕ್ಕೆ ನಾನು ಮುಂದೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಧೋಂಡಿಯ ವಾಘ್ ಹೊಳಲ್ಕೆರೆಯ ನೆರೆಯ ಚನ್ನಗಿರಿಯವನು. ಟಿಪ್ಪುವಿನ ಸೆರೆಯಲ್ಲಿದ್ದವನು ಕೋಟೆ ಬಿದ್ದ ಗದ್ದಲದಲ್ಲಿ ಹೊರಬಿದ್ದ. ದಿಕ್ಕಿಲ್ಲದಂತಾಗಿದ್ದ ಸುಲ್ತಾನನ ಸವಾರರು ಅವನ ಹಿಂದೆ ಬಂದರು. ತನ್ನನ್ನು ಉಭಯ ಲೋಕಾಧೀಶ್ವರ ಎಂದೇ ಕರೆಸಿಕೊಂಡ. ಅವನನ್ನು ಹಿಡಿಯಲು ಚಿತ್ರದುರ್ಗದಿಂದ ಇಂಗ್ಲಿಷ್ ಸೇನಾನಿ ಡಾಲ್ರಿಂಪಲ್‌ನ ದಂಡು ಹೊರಟಿತು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸೋತ ಧೋಂಡಿಯ ಮರಾಠರ ಸೀಮೆಗೆ ದಾಟಿಕೊಂಡ.

ಮರುವರ್ಷ ಸಾವಿರಾರು ಕುದುರೆಗಳೊಂದಿಗೆ ಮತ್ತೆ ಎದ್ದ. ಈ ಸಲ ಬೆನ್ನು ಹತ್ತಿದವನು ಇಂಗ್ಲಿಷರದೇ ಇನ್ನೊಬ್ಬ ಸೇನಾನಿ, ಆರ್ಥರ್ ವೆಲ್ಲೆಸ್ಲಿ. ಆಗಿನ್ನೂ ಮೂವತ್ತೊಂದರ ಪ್ರಾಯ. 1800ರ ಜೂನ್‌ನಲ್ಲಿ ಅವನ ಸೈನ್ಯ ಹರಿಹರದಲ್ಲಿ ತುಂಗಭದ್ರೆ ದಾಟಿತು. ರಾಣೆಬೆನ್ನೂರು ಬಿತ್ತು, ಡಂಬಳ ಬಿತ್ತು. ಮಳೆಗಾಲ, ತುಂಬಿದ ಹೊಳೆಗಳು. ಧೋಂಡಿಯ ಮುಂದೆ, ದಂಡು ಹಿಂದೆ. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕು ಕುದುರೆ ಪಡೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಅಲ್ಲೇ ಸತ್ತ.

ಸಾಮಾನಿನ ನಡುವೆ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಕೂಸನ್ನು ಸಾಕಿದ. 1805ರಲ್ಲಿ ಊರಿಗೆ ಹೊರಡುವಾಗ ಅವನ ಪಾಲನೆಗೆಂದು ಹಣ ಇಟ್ಟುಹೋದ. ಹುಡುಗ ಮುಂದೆ ಮೈಸೂರು ಅರಸರ ಚಾಕರಿ ಸೇರಿದ. ತಂದೆಯನ್ನು ಕೊಂದ ಕೈಯೇ ಮಗುವನ್ನು ಎತ್ತಿಕೊಂಡಿತು. ಅಜ್ಜ ಇಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾಗೋರು.

ಆಮೇಲೆ ಎತ್ತಿನ ಮಾತು. ಮಳೆಯಲ್ಲಿ ಅಷ್ಟು ದೂರ ಅಕ್ಕಿ, ಮದ್ದುಗುಂಡು, ತೋಪು ಸಾಗಿಸಿದವರು ಯಾರು? ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಲ್ಲಿ ಶುರುವಾಗಿ, ಹೈದರನ ಕಾಲದಲ್ಲಿ ಪಾಳೆಯಗಾರರ ಹಿಂಡುಗಳನ್ನೂ ಸೇರಿಸಿಕೊಂಡು ಬೆಳೆದು, ಟಿಪ್ಪುವಿನಿಂದ ಹೆಸರು ಪಡೆದ ಅಮೃತ ಮಹಲ್ ರಾಸುಗಳು. ಸಣಕಲು ಮೈ, ನೀಳ ಕೊಂಬು, ದಣಿವರಿಯದ ಕಾಲು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾವಲುಗಳಲ್ಲಿ ಒಣಹುಲ್ಲು ಮೇದು ಗಟ್ಟಿಯಾದ ಜಾತಿ ಅದು. ಊಟವಿಲ್ಲದೆ ಸೈನ್ಯ ನಡೆಯದು, ಎತ್ತಿಲ್ಲದೆ ಊಟ ಬಾರದು ಎಂಬುದನ್ನು ವೆಲ್ಲೆಸ್ಲಿ ಕಲಿತದ್ದು ನಮ್ಮ ನೆಲದಲ್ಲಿ. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಪಡೆಗಳೊಡನೆ ಕಾದುವಾಗ, ಮೈಸೂರಿನ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಕೊರಗಿದನಂತೆ. 1815ರಲ್ಲಿ ವಾಟರ್‌ಲೂ ಗೆದ್ದು ಜಗತ್ತಿಗೆ ವೆಲ್ಲಿಂಗ್ಟನ್ ಎಂದು ಹೆಸರಾದವನು ಇವನೇ.

ಅವನ ಪ್ರತಿಮೆಗಳು ಲಂಡನ್ನಿನಲ್ಲಿವೆ. ಎತ್ತುಗಳಿಗೆ ಉಳಿದದ್ದು ಕಾವಲು ಮಾತ್ರ, ಅದೂ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಹೊಸದುರ್ಗದ ಪಕ್ಕದ ಅಜ್ಜಂಪುರದಲ್ಲಿ ಸರ್ಕಾರ 1929ರಿಂದ ಈ ತಳಿಯನ್ನು ಕಾಪಾಡುತ್ತಿದೆ. ಆದರೆ ಹುಲ್ಲುಗಾವಲಿಲ್ಲದೆ ತಳಿ ಉಳಿಯದು. ನಿಮ್ಮೂರ ಸರಹದ್ದಿನಲ್ಲಿ ಅಮೃತ ಮಹಲ್ ಕಾವಲು ಇದ್ದರೆ ಅದನ್ನು ಬಂಜರು ಅನ್ನಬೇಡಿ, ಒತ್ತುವರಿಗೆ ಬಿಡಬೇಡಿ. ನಮ್ಮ ಸೀಮೆಯ ಚರಿತ್ರೆ ಮೇಯ್ದು ಬೆಳೆದ ನೆಲ ಅದು.